ಅರ್ಧ ಟಿಕೆಟ್

ಮಗನ ಮೊಬೈಲಿನಲ್ಲಿ ಹಸ್ಕಿಯೊಂದು
ಹಿಮ ಹಾರಿಸುತ್ತ ಓಡುತ್ತಿತ್ತು, ನೀಲಿ ಕಣ್ಣು.
‘ಅಮ್ಮಾ, ಇದೇ ಬೇಕು.’
ಏಪ್ರಿಲ್ ಎರಡನೇ ವಾರ. ತಾರಸಿಗೆ
ಆಗಷ್ಟೇ ನಾಲ್ಕು ಕೊಡ ನೀರು ಹೊಯ್ದು ಇಳಿದಿದ್ದೆ.
ರಾತ್ರಿ ಹನ್ನೊಂದಾದರೂ ಬಂಡೆಯ ಕಾವು
ಗೋಡೆಯೊಳಗಿಂದ ಮಾತಾಡುವ ಊರು ನಮ್ಮ ದುರ್ಗ.
ಇಲ್ಲಿಗೆ ಹಿಮದ ನಾಯಿ ತಂದರೆ
ಅದನ್ನಿಡಲು ಒಂದು ಫ್ರಿಜ್ಜೂ ತರಬೇಕು ಎಂದೆ.

ನಾನು ಕಂಡಕ್ಟರು. ಹತ್ತಿದವರನ್ನೆಲ್ಲ ಮೊದಲು ಕೇಳುವುದು ಒಂದೇ:
ಎಲ್ಲಿಗೆ?
ನಾಯಿ ಹನ್ನೆರಡು ವರ್ಷ, ಒಮ್ಮೊಮ್ಮೆ ಹದಿನಾಲ್ಕು.
ನನ್ನ ಮಿಷನ್ನಿನಲ್ಲಿ ಅಷ್ಟು ದೂರದ ಸ್ಟೇಜೇ ಇಲ್ಲ.
‘ಹೆಣ್ಣಾದರೆ ಫ್ರೀ ಅಲ್ವಾ’ ಅಂದ ತಿಪ್ಪೇಶಿ,
ಹಾಸ್ಟೆಲ್ಲಿನ ಇನ್ನೂರು ಹುಡುಗರಿಗೆ ಸಾರು ಕಾಯಿಸಿ ಬಂದವನು.
ನಾನು ನಗಲಿಲ್ಲ. ಲೆಕ್ಕ ಹಾಕುತ್ತಿದ್ದೆ:
ಇಪ್ಪತ್ತು ಮೂವತ್ತರ ಸೈಟು, ಕಾಂಪೌಂಡಿಲ್ಲ, ಹೊರಗಡೆ ಮೆಟ್ಟಿಲು,
ಕೆಳಗೆ ಓನರ್ ಶಾಂತವೀರಮ್ಮನ ತಲೆನೋವು.
ಪಾಮೇರಿಯನ್ ಒಂದು ಸಲ ಬೊಗಳಿದರೆ
ಬಾಡಿಗೆ ಐನೂರು ಏರುತ್ತದೆ.

ಮುಧೋಳವೆಂದರೆ ನನಗೂ ಆಸೆ.
ಹಿರಿಯೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಒಂದಿದೆ,
ಹಂಪಿಗೆ ಬಸ್ಸು ನಿಧಾನಿಸಿದಾಗ ದಿನಾ ನೋಡುತ್ತೇನೆ.
ಹೆದೆ ಏರಿಸಿಟ್ಟ ಬಿಲ್ಲು. ಎದೆ ಆಳ, ಹೊಟ್ಟೆ ಒಂದು ಹಿಡಿ.
ಆರಡಿ ಸರಪಳಿಗೆ ಕಟ್ಟಿದ್ದಾರೆ.
ಬೊಗಳುವುದಿಲ್ಲ, ಮಲಗುವುದಿಲ್ಲ,
ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಕಡೆ
ಮುಖ ಮಾಡಿ ನಿಂತೇ ಇರುತ್ತದೆ.
ಒಂದು ದಿನ ಮೊಲವೊಂದು ರಸ್ತೆ ದಾಟಿತು.
ಸರಪಳಿ ಬಿಗಿದ ಸದ್ದು
ಡ್ರೈವರ್ ಬೋಸಯ್ಯನಿಗೂ ಕೇಳಿಸಿತು.
ಐಮಂಗಲ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ದನದಾಸ್ಪತ್ರೆಯ ಪಾಲಯ್ಯ ಡಾಕ್ಟರು
‘ತಳಿ ಆಮೇಲೆ. ಮೊದಲು ನಿಮ್ಮ ಮನೆ ಎಂಥದು, ಅದು ಹೇಳ್ರಿ’ ಎಂದು
ಹೆಣ್ಣು ನೋಡಲು ಬಂದವರಂತೆ ಕೇಳತೊಡಗಿದರು.
ದಿನಕ್ಕೆ ಎಷ್ಟು ಹೊತ್ತು ಬೀಗ?
ಸಿಟ್ಟು ಯಾರಿಗೆ ಜಾಸ್ತಿ?
ಕೂದಲು ಉದುರಿದರೆ ಗುಡಿಸೋರು ಯಾರು?
ಬೆಳಗ್ಗೆ ನಡೆಸೋರು?

ನಾನು ಐದಕ್ಕೆ ಡಿಪೋ. ತಿಪ್ಪೇಶಿ ಐದೂವರೆಗೆ ಒಲೆ ಮುಂದೆ.
ಮಗ ಏಳೂವರೆಗೂ ಚಾದರದೊಳಗೆ, ಹಿಮದಲ್ಲಿ.
ಮೂವರೂ ನೆಲ ನೋಡಿದೆವು.

‘ನಾನು ನಡೀತೀನಲ್ಲ.’
ಬಾಗಿಲ ಬಳಿ ಬೆಂಚಿನ ಮೇಲೆ ನಮ್ಮತ್ತೆ ಬೋರಕ್ಕ.
ಬೀಪಿ ಮಾತ್ರೆಯ ಅಂಗಡಿ ಅದೇ ದಾರಿಗಿತ್ತೆಂದು ಜತೆಗೆ ಬಂದವಳು.
ದಿನಾ ಆರಕ್ಕೆ ಕೋಟೆ ಬಾಗಿಲ ತನಕ ಹೋಗಿ ಬರುತ್ತಾಳೆ,
ಎಡ ಮಂಡಿ ಎಳೆಯುತ್ತ, ಹುಣಸೆ ಕೋಲು ಊರುತ್ತ,
ಮೂರು ವರ್ಷದಿಂದ.
ಅದನ್ನು ನಡಿಗೆಯೆಂದು ನಮ್ಮಲ್ಲಿ ಯಾರೂ
ಲೆಕ್ಕಕ್ಕೆ ಹಿಡಿದಿರಲಿಲ್ಲ.
‘ನನ್ನ ಎಳಕೊಂಡು ಹೋಗೋದು ಬ್ಯಾಡ. ನಾನು ನಿಂತ್ರೆ ನಿಲ್ಲಬೇಕು.
ಅಂಥ ತಳಿ ಐತೇನು ಡಾಕ್ಟ್ರೇ?’

ಹಿಂದಿನ ಶೆಡ್ಡಿಗೆ ಕರೆದೊಯ್ದರು.
ವರ್ಗವಾದ ಯಾರೋ ಇಂಜಿನಿಯರು ಬಿಟ್ಟುಹೋದದ್ದು, ಏಳು ವರ್ಷ.
ಲ್ಯಾಬ್ರಡಾರಿನ ತಲೆ, ಬೀದಿಯ ಕಾಲು,
ಬಾಲ ಯಾರ ಕಡೆಯದೋ ಡಾಕ್ಟರಿಗೂ ಗೊತ್ತಿಲ್ಲ.
ಮೂತಿಗೆ ಜೋಳದ ಹಿಟ್ಟು ಮೆತ್ತಿದಂಥ ನರೆ.
ಅತ್ತೆ ಎರಡು ಹೆಜ್ಜೆ ಇಟ್ಟಳು. ಅದೂ ಎರಡು ಇಟ್ಟಿತು.
ಉಸಿರು ತಗೊಳ್ಳಲು ನಿಂತಳು.
ಅದು ಕೂತು ಕಿವಿ ಕೆರೆದುಕೊಂಡಿತು.

ಮಗ ಒಂದು ವಾರ ಮಾತು ಬಿಟ್ಟ.
ಈಗ ಅದರ ಹೊಟ್ಟೆಗೆ ತಲೆ ಕೊಟ್ಟು ಮಗ್ಗಿ ಒಪ್ಪಿಸುತ್ತಾನೆ.
ನಾನು ಕರೆಯುವುದು ಅರ್ಧ ಟಿಕೆಟ್ ಎಂದು,
ಅರ್ಧ ದಾರಿಯಲ್ಲಿ ಹತ್ತಿದ್ದಕ್ಕೆ.
ಎಲ್ಲಿಗೆ ಎಂದು ಮಾತ್ರ ಕೇಳಿಲ್ಲ.

ಆರೂ ಹತ್ತರ ಟ್ರಿಪ್ಪು ಕೋಟೆ ರಸ್ತೆಯ ತಿರುವಿಗೆ ಬಂದಾಗ
ಇಬ್ಬರೂ ಅಡ್ಡ ಬಂದಿರುತ್ತಾರೆ.
ಬೋಸಯ್ಯ ಬ್ರೇಕ್ ಒತ್ತುತ್ತಾನೆ.
ಹಿಂದಿನ ಸೀಟಿನಲ್ಲಿ ಯಾರೋ ಗೊಣಗುತ್ತಾರೆ, ಹೊತ್ತಾಯ್ತು ಅಂತ.
ಕೋಲು, ಮಂಡಿ, ನಾಲ್ಕು ಕಾಲು, ಮತ್ತೆ ಕೋಲು.
ಸೀಟಿ ನನ್ನ ತುಟಿಯಲ್ಲೇ ಇರುತ್ತದೆ,
ಊದುವುದಿಲ್ಲ.